ಗಾಥಿಕ್ ಕೆಥೀಡ್ರಲ್‌ನ ಕಲ್ಲಿನ ಎಲೆಗಳನ್ನ ಪೆನ್ಸಿಲಲ್ಲಿ ಬಿಡಿಸೋದು ಹೇಗೆ

ಇಂಗ್ಲೆಂಡು, ಜರ್ಮನಿ, ಫ್ರಾನ್ಸ್ ಕಡೆ ಓದೋಕೆ ಅಂತಲೋ ಕೆಲಸಕ್ಕೆ ಅಂತಲೋ ಹೋಗಿರೋರು, ಅಲ್ಲಿಗೆ ಟೂರ್ ಹೋಗಿ ಬಂದೋರು, ಹೀಗೆ ತುಂಬಾ ಜನ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳ್ತಾ ಇದ್ದೀರ: ಗಾಥಿಕ್ ಕೆಥೀಡ್ರಲ್ (ಅಂದ್ರೆ ಮಧ್ಯಯುಗದ ಯುರೋಪಿನ ಚೂಪು ಕಮಾನಿನ ಶೈಲಿಯ, ಬಿಷಪ್‌ರ ಪೀಠ ಇರೋ ದೊಡ್ಡ ಚರ್ಚ್) ಒಳಗೆ ಸ್ಕೆಚ್‌ಬುಕ್ ತೆಗೆದು ಕಂಬಗಳ ತಲೆ ಮೇಲೆ ಕೆತ್ತಿರೋ ಎಲೆಗಳನ್ನ ಬಿಡಿಸೋಕೆ ಕೂತ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ತಿಳಿಯಲ್ಲ, ಕಷ್ಟಪಟ್ಟು ಒಂದು ಗಂಟೆ ಬರೆದು ನೋಡಿದ್ರೆ ಕಂಬದ ಮೇಲೆ ಕೊತ್ತಂಬರಿ ಕಟ್ಟು ಇಟ್ಟ ಹಾಗೆ ಕಾಣ್ಸತ್ತೆ, ಏನ್ ಮಾಡೋದು ಅಂತ. ಒಬ್ಬೊಬ್ಬರಿಗೇ ಉತ್ತರ ಬರೆಯೋ ಬದಲು ಇಲ್ಲಿ ಪೂರ್ತಿ ಬರೀತಾ ಇದ್ದೀನಿ.

ನನ್ನ ಪ್ರಕಾರ ತೊಂದರೆ ಕೈಯಲ್ಲಿಲ್ಲ, ಕ್ರಮದಲ್ಲಿದೆ. ನಾವು ಕೂತ ತಕ್ಷಣ ಕಣ್ಣಿಗೆ ಚಂದ ಕಂಡ ಒಂದು ಎಲೆಯಿಂದ ಶುರು ಮಾಡ್ತೀವಿ, ಅದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು. ಕೆತ್ತಿದವನು ಹಾಗೆ ಕೆತ್ತಲಿಲ್ಲ. ಅವನ ಹತ್ರ ಮೊದಲು ಇದ್ದದ್ದು ಒಂದು ಚೌಕ ಕಲ್ಲು, ಆಮೇಲೆ ಅದರಲ್ಲಿ ದೊಡ್ಡ ಆಕಾರ, ಆಮೇಲೆ ಗೊಂಚಲುಗಳು, ಆಮೇಲೆ ಎಲೆ, ಕಟ್ಟಕಡೆಗೆ ಎಲೆಯ ನರ. ಪೆನ್ಸಿಲೂ ಅದೇ ದಾರಿಯಲ್ಲಿ ಹೋಗ್ಬೇಕು. ಈ ಲೇಖನದಲ್ಲಿ ಹೇಳೋಕೆ ಇರೋದು ಮುಖ್ಯವಾಗಿ ಇದೊಂದೇ ಮಾತು, ಉಳಿದದ್ದೆಲ್ಲ ಅದನ್ನ ಮಾಡೋ ವಿಧಾನ.

ಯಾವ ಕೆತ್ತನೆ ಇಟ್ಕೊಂಡು ಕಲಿಯೋದು

ಉದಾಹರಣೆಗೆ ನಾನು ಸೌತ್‌ವೆಲ್ ಮಿನ್‌ಸ್ಟರ್ ಅನ್ನೋ ಚರ್ಚ್ ತಗೋತೀನಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿದೆ, ಕಟ್ಟಡ ಬಹಳ ಹಳೇದು, ಕೆಥೀಡ್ರಲ್ ಅನ್ನೋ ಸ್ಥಾನ ಸಿಕ್ಕಿದ್ದು ಮಾತ್ರ 1884ರಲ್ಲಿ. ಅಲ್ಲಿ ಚಾಪ್ಟರ್ ಹೌಸ್ ಅಂತ ಒಂದು ಎಂಟು ಮೂಲೆಯ ಕೋಣೆ ಇದೆ, ಪಾದ್ರಿಗಳು ಸಭೆ ಸೇರ್ತಿದ್ದ ಜಾಗ, ಮಧ್ಯದಲ್ಲಿ ಕಂಬಾನೇ ಇಲ್ಲದೆ ಕಲ್ಲಿನ ಚಾವಣಿ ನಿಂತಿದೆ. 13ನೇ ಶತಮಾನದ ಕೊನೇ ಹೊತ್ತಿಗೆ ಕಟ್ಟಿದ್ದು. ಗೋಡೆಗುಂಟ ಕೂರೋ ಜಾಗಗಳಿವೆ, ಅವುಗಳ ನಡುವಿನ ಸಣ್ಣ ಕಂಬಗಳ ತಲೆ ಮೇಲೆ ಓಕ್, ಮೇಪಲ್, ಹಾಥಾರ್ನ್, ದ್ರಾಕ್ಷಿ, ಐವಿ, ಹಾಪ್ ಗಿಡದ ಎಲೆಗಳನ್ನ ಎಷ್ಟು ನಿಜವಾಗಿ ಕೆತ್ತಿದಾರೆ ಅಂದ್ರೆ ಯಾವ ಗಿಡ ಅಂತ ಹೆಸರು ಹೇಳ್ಬಹುದು. ಓಕ್ ಎಲೆಗಳ ಕೆಳಗೆ ಹಂದಿಗಳು ಕಾಯಿ ತಿಂತಾ ಇರೋದೂ ಇದೆ, ಎಲೆಗಳ ನಡುವೆ ಇಣುಕೋ ಮನುಷ್ಯರ ಮುಖಗಳೂ ಇವೆ.

ಕಲಿಯೋರಿಗೆ ಇದು ಯಾಕೆ ಒಳ್ಳೇದು ಅಂದ್ರೆ ಕೆತ್ತನೆ ಕೈಗೆಟುಕೋ ಎತ್ತರದಲ್ಲಿದೆ, ಕತ್ತು ನೋಯಿಸ್ಕೊಳ್ದೆ ನೋಡ್ಬಹುದು. ಫ್ರಾನ್ಸಲ್ಲಿ ಇರೋರು ರೀಮ್ಸ್ ಕೆಥೀಡ್ರಲ್‌ಗೆ ಹೋಗಿ, ಅಲ್ಲಿ ಒಳಗಿನ ದೊಡ್ಡ ಕಂಬಗಳ ಮೇಲೂ ನಿಜವಾದ ಗಿಡಗಳ ಎಲೆಗಳಿವೆ, ದ್ರಾಕ್ಷಿ ಕೀಳ್ತಾ ಇರೋ ಜನರೂ ಇದಾರೆ, ಆದ್ರೆ ತುಂಬಾ ಎತ್ತರ, ಬೈನಾಕ್ಯುಲರ್ ಬೇಕೇ ಬೇಕು. ಇಂಗ್ಲೆಂಡಿನ ವೆಲ್ಸ್ ಊರಿನ ಕೆಥೀಡ್ರಲ್‌ಗೆ ಹೋಗೋರಿಗೆ ಸಿಗೋದು ಇದಕ್ಕಿಂತ ಸುಮಾರು ನೂರು ವರ್ಷ ಹಿಂದಿನ ಶೈಲಿ, ಅಲ್ಲಿ ಎಲೆಗಳು ಯಾವ ನಿಜವಾದ ಗಿಡದ್ದೂ ಅಲ್ಲ, ಗಾಳಿಗೆ ಬಾಗಿದ ಹಾಗೆ ಸುರುಳಿ ಸುತ್ಕೊಂಡಿರೋ ಎಲೆಗಳು, ಅವುಗಳ ನಡುವೆ ಹಲ್ಲುನೋವಿಗೆ ಬಾಯಿ ಎಳ್ಕೊಂಡಿರೋ ಮನುಷ್ಯ, ಕಾಲಿನ ಮುಳ್ಳು ಕೀಳ್ತಿರೋನು, ಹಣ್ಣು ಕದಿಯೋ ಕಳ್ಳರು. ಎಲ್ಲದಕ್ಕೂ ವಿಧಾನ ಒಂದೇ.

ಊರಲ್ಲೇ ಇರೋರು ಕೇಳ್ತೀರ ಅಂತ ಗೊತ್ತು. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚ್ 1930ರ ದಶಕದಲ್ಲಿ ಗಾಥಿಕ್ ಶೈಲಿಯನ್ನ ಅನುಸರಿಸಿ ಕಟ್ಟಿದ್ದು, ಚೂಪು ಕಮಾನು, ಉದ್ದುದ್ದ ಗೋಪುರ ಅಭ್ಯಾಸ ಮಾಡೋಕೆ ಅದು ತುಂಬಾ ಒಳ್ಳೇ ಜಾಗ. ಆಳವಾದ ಎಲೆ ಕೆತ್ತನೆ ಬೇಕು ಅಂದ್ರೆ ಹಳೇಬೀಡು, ಸೋಮನಾಥಪುರದ ಗೋಡೆ ಕೆಳಗಿನ ಬಳ್ಳಿ ಪಟ್ಟಿಗಳನ್ನ ಬಿಡಿಸಿ. ಕಲ್ಲು ಬೇರೆ, ಶೈಲಿ ಬೇರೆ, ಆದ್ರೆ ಎಲೆಯ ಹಿಂದೆ ಕೊರೆದು ಕತ್ತಲು ಮಾಡೋ ಕೆಲಸ ಅಲ್ಲೂ ಇದೆ, ಕಾಲಾನೂ ಸುಮಾರು ಅದೇ 12-13ನೇ ಶತಮಾನ.

ಕೆಲವು ಪದಗಳು

ಕ್ಯಾಪಿಟಲ್ ಅಂದ್ರೆ ಕಂಬದ ತಲೆ, ನಮ್ಮ ಕಡೆ ಬೋದಿಗೆ ಅಂತೀವಲ್ಲ ಅದು, ನಾನು ಬೋದಿಗೆ ಅಂತಾನೇ ಬರೀತೀನಿ. ಅದರ ಮೇಲೆ ಇರೋ ಚಪ್ಪಡಿಗೆ ಅಬಾಕಸ್ ಅಂತಾರೆ, ಕಮಾನಿನ ಭಾರ ಬಂದು ಕೂರೋದು ಅದರ ಮೇಲೆ. ಬೋದಿಗೆ ಕೆಳಗೆ ಕಂಬಕ್ಕೆ ಸೇರೋ ಕಡೆ ಒಂದು ಉಂಗುರ ಇರತ್ತೆ, ಅದು ನೆಕಿಂಗ್. ಇವೆರಡರ ನಡುವೆ, ಎಲೆಗಳ ಹಿಂದೆ, ಬುಡ ಕಿರಿದಾಗಿ ಮೇಲೆ ಹೋದಂಗೆ ಅಗಲ ಆಗೋ ಗಟ್ಟಿ ಕಲ್ಲಿದೆ, ಅದು ಬೆಲ್. ಬೆಲ್ ಬಹಳ ಕಡೆ ಎಲೆಗಳಿಂದ ಮುಚ್ಚಿ ಹೋಗಿರತ್ತೆ, ಆದ್ರೆ ಇಡೀ ಚಿತ್ರ ನಿಲ್ಲೋದು ಅದರ ಮೇಲೆ, ನೆನಪಿಟ್ಕೊಳ್ಳಿ. ಅಂಡರ್‌ಕಟ್ ಅಂದ್ರೆ ಎಲೆಯ ಅಂಚಿನ ಹಿಂದಿನ ಕಲ್ಲನ್ನ ಕೊರೆದು ತೆಗೆದು ಎಲೆ ಬಿಡಿಯಾಗಿ ನಿಂತ ಹಾಗೆ ಮಾಡೋದು. ಟ್ರೇಸರಿ ಅಂದ್ರೆ ಕಿಟಕಿಯ ಮೇಲ್ಭಾಗದ ಕಲ್ಲಿನ ಜಾಲರಿ.

ಏನೇನು ಬೇಕು

ಜಾಸ್ತಿ ಏನೂ ಬೇಡ. ಎಚ್‌ಬಿ, 2ಬಿ, 4ಬಿ ಪೆನ್ಸಿಲ್ (ಬಿ ಮುಂದಿನ ಅಂಕಿ ದೊಡ್ಡದಾದಷ್ಟೂ ಮೆತ್ತಗೆ, ಕಪ್ಪು ಜಾಸ್ತಿ), ಮೆತ್ತಗೆ ಹಿಟ್ಟಿನ ಹಾಗೆ ನಾದೋಕೆ ಬರೋ ನೀಡೆಡ್ ಎರೇಸರ್, ಎ4 ಅಥವಾ ಎ3 ಸ್ಕೆಚ್‌ಬುಕ್, ಹಾಳೆ 150 ಜಿಎಸ್‌ಎಂ (ಹಾಳೆ ಎಷ್ಟು ದಪ್ಪ ಅಂತ ಹೇಳೋ ಅಳತೆ) ಮೇಲಿದ್ರೆ ಒಳ್ಳೇದು, ಯಾಕಂದ್ರೆ ತುಂಬಾ ಅಳಿಸ್ತೀರ. ಮಡಚೋ ಸಣ್ಣ ಸ್ಟೂಲು. ಸಣ್ಣ ಬೈನಾಕ್ಯುಲರ್. ಬೆರಳ ತುದಿ ತೆರೆದಿರೋ ಗ್ಲೌಸು, ಇದನ್ನ ಯಾರೂ ಹೇಳಲ್ಲ, ಆದ್ರೆ ಕಲ್ಲಿನ ಕಟ್ಟಡದೊಳಗೆ ಬೇಸಿಗೇಲೂ ಥಂಡಿ ಇರತ್ತೆ, ಅಲ್ಲಾಡದೆ ಕೂತ್ರೆ ಅರ್ಧ ಗಂಟೆಗೆ ಬೆರಳು ಮರಗಟ್ಟತ್ತೆ. ಇದ್ದಿಲು, ಇಂಕು, ವಾಟರ್‌ಕಲರ್ ತಗೊಂಡು ಹೋಗ್ಬೇಡಿ, ನೆಲದ ಮೇಲೆ ಚೆಲ್ಲಿದ್ರೆ ಹಳೇ ಕಲ್ಲು ಹೀರ್ಕೊಂಡು ಬಿಡತ್ತೆ, ಬಹಳಷ್ಟು ಕಡೆ ಬಿಡೋದೂ ಇಲ್ಲ.

ಒಳಗೆ ಹೋದ ತಕ್ಷಣ ಬಾಗಿಲ ಹತ್ರ ಇರೋರನ್ನ ಕೇಳಿ, ಪೆನ್ಸಿಲಲ್ಲಿ ಚಿತ್ರ ಬಿಡಿಸ್ಬಹುದಾ, ಸ್ಟೂಲು ಹಾಕ್ಬಹುದಾ, ಇವತ್ತು ಪ್ರಾರ್ಥನೆ ಎಷ್ಟು ಹೊತ್ತಿಗೆ ಅಂತ. ಕೇಳಿದ್ರೆ ಸಾಮಾನ್ಯವಾಗಿ ಖುಷಿಯಿಂದ ಹೇಳ್ತಾರೆ, ಎಷ್ಟೋ ಸಲ ನಿಮಗೆ ಗೊತ್ತಿಲ್ಲದ ಕೆತ್ತನೆ ಕರ್ಕೊಂಡು ಹೋಗಿ ತೋರಿಸ್ತಾರೆ. ಪ್ರಾರ್ಥನೆ ಶುರುವಾದ್ರೆ ಪುಸ್ತಕ ಮುಚ್ಚಿಡಿ. ಅದು ಪೂಜೆ ನಡೆಯೋ ಜಾಗ, ಮ್ಯೂಸಿಯಂ ಅಲ್ಲ. ಮತ್ತೆ ಕೆತ್ತನೆ ಮುಟ್ಬೇಡಿ, ದಯವಿಟ್ಟು. ಸುಣ್ಣಕಲ್ಲಿಗೆ ಕೈಯ ಜಿಡ್ಡು ಹತ್ತಿ ಹತ್ತಿ ಅಂಚೆಲ್ಲ ಸವೆದು ಹೋಗತ್ತೆ, ಏಳುನೂರು ವರ್ಷ ಉಳಿದಿರೋದು ನಮ್ಮ ಬೆರಳಿಂದ ಹಾಳಾಗ್ಬಾರ್ದು.

ಹಂತ 1: ಒಂದೇ ಒಂದು ಬೋದಿಗೆ ಆರಿಸ್ಕೊಳ್ಳಿ

ಇಪ್ಪತ್ತು ನಿಮಿಷ ಪೆನ್ಸಿಲ್ ಹೊರಗೆ ತೆಗೀಬೇಡಿ. ಸುಮ್ನೆ ಸುತ್ತಿ. ಎಲ್ಲಾ ಬಿಡಿಸ್ಬೇಕು ಅನ್ಸತ್ತೆ, ಇಡೀ ಬಾಗಿಲು, ಇಡೀ ಗೋಡೆ, ಅದೇ ಮೊದಲನೇ ತಪ್ಪು. ಎರಡು ಮೂರು ದೊಡ್ಡ ಗೊಂಚಲು ಸ್ಪಷ್ಟವಾಗಿ ಕಾಣೋ ಒಂದು ಬೋದಿಗೆ ಸಾಕು. ಮುಖ, ಪ್ರಾಣಿ ಇರೋದನ್ನ ಮೊದಲ ಸಲಕ್ಕೆ ಬಿಟ್ಬಿಡಿ, ಮುಖ ಇದ್ರೆ ಕಣ್ಣು ಅಲ್ಲೇ ಸಿಕ್ಕಾಕೊಳತ್ತೆ, ಕಲ್ಲು ಕಾಣಲ್ಲ.

ಬೆಳಕು ಎಲ್ಲಿಂದ ಬರ್ತಿದೆ ನೋಡಿ. ಒಂದು ಕಡೆಯಿಂದ ಬಂದ್ರೆ ಉಬ್ಬು ತಗ್ಗು ಚೆನ್ನಾಗಿ ಕಾಣತ್ತೆ. ಸೌತ್‌ವೆಲ್ ಚಾಪ್ಟರ್ ಹೌಸಲ್ಲಿ ಸುತ್ತಲೂ ಕಿಟಕಿ, ಹಾಗಾಗಿ ನೆರಳು ಎರಡು ಮೂರು ಕಡೆಗೆ ಬೀಳತ್ತೆ, ಅದರಲ್ಲಿ ಯಾವುದು ಜೋರಾಗಿದೆಯೋ ಅದನ್ನ ಮಾತ್ರ ನಂಬಿ, ಹಾಳೆ ಮೂಲೇಲಿ ಆ ದಿಕ್ಕಿಗೆ ಒಂದು ಸಣ್ಣ ಬಾಣ ಹಾಕಿ ಟೈಮ್ ಬರ್ಕೊಳ್ಳಿ. ಬಿಸಿಲು ಇರೋ ದಿನ ಒಂದೂವರೆ ಗಂಟೇಲಿ ನೆರಳು ಪೂರ್ತಿ ಜಾಗ ಬದಲಾಯಿಸಿರತ್ತೆ, ಮೋಡ ಇರೋ ದಿನ ಬೆಳಕು ಗಂಟೆಗಟ್ಟಲೆ ಒಂದೇ ತರ ಇರತ್ತೆ, ಹೊಸಬರಿಗೆ ಮೋಡದ ದಿನಾನೇ ಒಳ್ಳೇದು, ಇಂಗ್ಲೆಂಡಲ್ಲಿ ಅದಕ್ಕೇನೂ ಬರ ಇಲ್ಲ.

ಎಷ್ಟು ದೂರ ಕೂರ್ಬೇಕು? ಬಿಡಿಸ್ತಿರೋ ವಸ್ತುವಿನ ಎತ್ತರದ ಮೂರು ಪಟ್ಟಾದ್ರೂ ದೂರ ಇರಿ. ತುಂಬಾ ಹತ್ರ ಕೂತ್ರೆ ತಲೆ ಮೇಲೆ ಕೆಳಗೆ ಮಾಡ್ತಾ ಪ್ರತಿ ಸಲ ಬೇರೆ ಬೇರೆ ಆಕಾರ ನೋಡ್ತೀರ, ಚಿತ್ರದಲ್ಲಿ ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ಹೊಂದಾಣಿಕೆ ಆಗಲ್ಲ.

ಹಂತ 2: ಹೊರಗೆ ಹೋಗಿ ನಿಜವಾದ ಎಲೆ ನೋಡಿ

ಇದನ್ನ ಬಹಳ ಜನ ಬಿಟ್ಬಿಡ್ತಾರೆ. ನಮಗೆ ಹಾಥಾರ್ನ್ ಎಲೆ ಹೇಗಿರತ್ತೆ ಗೊತ್ತಿಲ್ಲ, ನೋಡಿ ಬೆಳೆದಿಲ್ಲ, ಗೊತ್ತಿಲ್ಲದ ಎಲೆಯನ್ನ ಕಲ್ಲಲ್ಲಿ, ಅದೂ ಓರೆಯಾಗಿ, ಅರ್ಧ ನೆರಳಲ್ಲಿ ನೋಡಿದ್ರೆ ಯಾವ ಅಂಚು ಯಾವ ಎಲೆಗೆ ಸೇರಿದ್ದು ಅಂತ ಹೇಗೆ ತಿಳಿಯತ್ತೆ. ಕೆತ್ತಿದವರು ನೋಡಿದ್ದ ಗಿಡಗಳು ಈಗಲೂ ಆ ದೇಶದ ಬೇಲಿಗಳಲ್ಲೇ ಬೆಳೀತವೆ, ಬಿದ್ದಿರೋ ಒಂದು ಎಲೆ ಎತ್ಕೊಂಡು ಸ್ಕೆಚ್‌ಬುಕ್ ಒಳಗೆ ಇಟ್ಕೊಳ್ಳಿ.

ಗುರುತು ಹಿಡಿಯೋಕೆ: ಓಕ್ ಎಲೆಯ ಅಂಚು ಅಲೆ ಅಲೆಯಾಗಿ ಗುಂಡಗಿರತ್ತೆ, ಜೊತೆಗೆ ಸಣ್ಣ ಬಟ್ಟಲಲ್ಲಿ ಕೂತ ಕಾಯಿ. ಅಲ್ಲಿನ ಬೇಲಿ ಮೇಪಲ್‌ಗೆ ಐದು ಮೊಂಡು ತುದಿ. ಹಾಥಾರ್ನ್ ಎಲೆ ಸಣ್ಣದು, ಆಳವಾಗಿ ಸೀಳಿರತ್ತೆ, ದುಂಡು ಹಣ್ಣು. ಐವಿಗೆ ಮೂರರಿಂದ ಐದು ಮೂಲೆ, ಸಣ್ಣ ಕಾಯಿಗಳು ಚೆಂಡಿನ ಹಾಗೆ ಗುಂಪಾಗಿ. ಹಾಪ್ ಎಲೆ ದ್ರಾಕ್ಷಿ ಎಲೆ ತರಾನೇ ಕಾಣತ್ತೆ, ಆದ್ರೆ ಪದರ ಪದರವಾದ ಹೂವಿನ ಗೊಂಚಲು ಇದ್ರೆ ಅದು ಹಾಪ್. ದ್ರಾಕ್ಷಿ ನಮಗೆ ಗೊತ್ತಿರೋದೇ, ವಿಜಯಪುರ ಕಡೆಯವರಿಗಂತೂ ಹೇಳೋದೇ ಬೇಡ, ಹಾಗಾಗಿ ಮೊದಲ ಚಿತ್ರಕ್ಕೆ ದ್ರಾಕ್ಷಿ ಬೋದಿಗೆ ಸಿಕ್ಕಿದ್ರೆ ಅದನ್ನೇ ತಗೊಳ್ಳಿ.

ಆ ಎಲೆಯನ್ನ ಹಾಳೆ ಅಂಚಲ್ಲಿ ಒಂದು ಸಲ ಚಪ್ಪಟೆಯಾಗಿ ಬಿಡಿಸಿ. ನಡುವಿನ ನರ, ಅದರಿಂದ ಹೊರಡೋ ನರಗಳು, ಪ್ರತಿ ನರ ಹೋಗಿ ಮುಟ್ಟೋ ತುದಿ. ಕೈಗೆ ಒಂದು ಸಲ ಗೊತ್ತಾದ್ರೆ ಆಮೇಲೆ ಕಲ್ಲಲ್ಲಿ ಅದು ಹೇಗೇ ತಿರುಗಿದ್ರೂ ಹಿಡೀಬಹುದು.

ಹಂತ 3: ಎಲೆ ಇಲ್ಲದ ಕಲ್ಲು ಬಿಡಿಸಿ

ಈಗ ಶುರು. ಹಾಳೆಯಲ್ಲಿ ಬೋದಿಗೆ ಎತ್ತರ 15ರಿಂದ 18 ಸೆಂಟಿಮೀಟರ್ ಬರೋ ಹಾಗೆ ಜಾಗ ಗುರುತು ಮಾಡಿ. ಇದಕ್ಕಿಂತ ಚಿಕ್ಕದಾದ್ರೆ ಎಲೆ ಬಿಡಿಸೋ ಹೊತ್ತಿಗೆ ಪೆನ್ಸಿಲ್ ಮೊನೆಗಿಂತ ಎಲೆ ಸಣ್ಣದಾಗತ್ತೆ, ಗೊಂದಲ ಅಲ್ಲಿಂದಾನೇ ಶುರು.

ನೇರ ಲಂಬವಾಗಿ ಒಂದು ನಡು ಗೆರೆ. ಆಮೇಲೆ ಕೈ ಪೂರ್ತಿ ಚಾಚಿ, ಮೊಣಕೈ ಮಡಚದೆ, ಒಂದು ಕಣ್ಣು ಮುಚ್ಚಿ ಪೆನ್ಸಿಲಲ್ಲಿ ಅಳತೆ ತಗೊಳ್ಳಿ, ಅಂದ್ರೆ ಪೆನ್ಸಿಲ್ ತುದಿಯನ್ನ ಒಂದು ಅಂಚಿಗೆ ಹಿಡಿದು ಇನ್ನೊಂದು ಅಂಚು ಬರೋ ಕಡೆ ಹೆಬ್ಬೆರಳಿಟ್ಟು. ನೆಕಿಂಗ್ ಅಗಲವನ್ನ ಒಂದು ಅಂತ ಇಟ್ಕೊಂಡು ಅಬಾಕಸ್ ಅದರ ಎಷ್ಟು ಪಟ್ಟು, ಎತ್ತರ ಎಷ್ಟು ಪಟ್ಟು ನೋಡಿ ಬರ್ಕೊಳ್ಳಿ. ಊಹೆ ಮಾಡ್ಬೇಡಿ, ನಮ್ಮ ಕಣ್ಣು ಕೆತ್ತನೆ ಇರೋ ಭಾಗವನ್ನ ಯಾವಾಗಲೂ ದೊಡ್ಡದು ಮಾಡಿ ತೋರಿಸತ್ತೆ, ಖಾಲಿ ಕಂಬವನ್ನ ಚಿಕ್ಕದು ಮಾಡತ್ತೆ.

ಆಮೇಲೆ ನೆಕಿಂಗ್ ಉಂಗುರ, ಅಬಾಕಸ್, ಎರಡರ ನಡುವೆ ಬೆಲ್‌ನ ಬಾಗು, ಅಷ್ಟೇ. ಎಲೆಗಳ ಮೂಲಕ ಕಾಣಿಸ್ತಿದೆ ಅಂದ್ಕೊಂಡು ಬೆಲ್ ಎಳೀರಿ. ಅಬಾಕಸ್ ಗುಂಡಗಿದೆಯಾ ಮೂಲೆಗಳಿವೆಯಾ ಕೆಳಗೆ ಹೋಗಿ ನಿಂತು ನೋಡಿ ಬನ್ನಿ.

ಎಲ್ಲರೂ ಎಡವೋ ಜಾಗ ಇದು: ಬೋದಿಗೆ ನಿಮ್ಮ ಕಣ್ಣಿಗಿಂತ ಮೇಲಿದ್ರೆ ಉಂಗುರದ ನಮ್ಮ ಕಡೆಯ ಅಂಚು ಕಾಮನಬಿಲ್ಲಿನ ದಿಕ್ಕಿಗೆ, ಅಂದ್ರೆ ನಡುವೆ ಮೇಲೆ ಏರಿ ಎರಡು ತುದಿ ಕೆಳಗೆ ಬಾಗತ್ತೆ. ಕಣ್ಣಿಗಿಂತ ಕೆಳಗಿದ್ರೆ ಉಲ್ಟಾ. ಎತ್ತರ ಜಾಸ್ತಿ ಆದಷ್ಟೂ ಬಾಗು ಜಾಸ್ತಿ, ಅಂದ್ರೆ ಅಬಾಕಸ್ ನೆಕಿಂಗ್‌ಗಿಂತ ಸ್ವಲ್ಪ ಜಾಸ್ತಿ ಬಾಗಿರ್ಬೇಕು. ಇದು ತಪ್ಪಿದ್ರೆ ಆಮೇಲೆ ಎಷ್ಟೇ ಚೆನ್ನಾಗಿ ಎಲೆ ಬಿಡಿಸಿದ್ರೂ ಬೋದಿಗೆ ಮುಂದಕ್ಕೆ ವಾಲಿದ ಹಾಗೆ ಕಾಣತ್ತೆ, ಜನ ಯಾಕೋ ಸರಿ ಇಲ್ಲ ಅಂತಾರೆ, ಏನು ಅಂತ ಹೇಳೋಕೆ ಬರಲ್ಲ.

ಹೀಗೆ ಒಳಗಿನ ಸರಳ ಆಕಾರ ಮೊದಲು ಅನ್ನೋದು ಹೊಸ ಉಪಾಯ ಏನಲ್ಲ. 13ನೇ ಶತಮಾನದಲ್ಲಿ ವಿಲ್ಲಾರ್ ದ ಓನ್‌ಕೂರ್ ಅಂತ ಒಬ್ಬ ಫ್ರೆಂಚ್ ಮನುಷ್ಯ ಊರೂರು ಸುತ್ತಿ ಕೆಥೀಡ್ರಲ್‌ಗಳನ್ನ ಬಿಡಿಸಿದಾನೆ, ರೀಮ್ಸ್ ಕಟ್ತಾ ಇದ್ದಾಗಲೇ ಅಲ್ಲಿಗೆ ಹೋಗಿದ್ದ, ಅವನ ಚರ್ಮದ ಹಾಳೆಗಳಲ್ಲಿ 33 ಈಗಲೂ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಅದರಲ್ಲಿ ಮನುಷ್ಯರ, ಪ್ರಾಣಿಗಳ ಚಿತ್ರದ ಮೇಲೆ ತ್ರಿಕೋನ, ಚೌಕ, ನಕ್ಷತ್ರದ ಗೆರೆಗಳು ಹಾಗೇ ಕಾಣ್ತವೆ. ಆನ್‌ಲೈನಲ್ಲೇ ನೋಡ್ಬಹುದು, ನೋಡಿ.

ಹಂತ 4: ಗೊಂಚಲು

ಈಗ ಕಣ್ಣು ಅರ್ಧ ಮುಚ್ಚಿ ನೋಡಿ, ಎಲೆ ಎಲ್ಲಾ ಮಾಯ ಆಗಿ ನಾಲ್ಕೋ ಐದೋ ದೊಡ್ಡ ಉಬ್ಬು ಮಾತ್ರ ಉಳಿಯತ್ತೆ. ಅವನ್ನ ಮೊಟ್ಟೆ ಆಕಾರದಲ್ಲಿ ಹಗುರವಾಗಿ ಹಾಕಿ, ಬೆಲ್ ಮೇಲೆ ಕೂತ ಹಾಗೆ. ಯಾವ ಉಬ್ಬು ಅಬಾಕಸ್ ಅಂಚಿನಿಂದ ಆಚೆ ಬರ್ತಿದೆ, ಯಾವುದು ಒಳಗೆ ನಿಂತಿದೆ ಗಮನಿಸಿ.

ಆಮೇಲೆ ಕಾಂಡ. ಸೌತ್‌ವೆಲ್ ಎಲೆಗಳು ಎಷ್ಟು ತುಂಬ್ಕೊಂಡಿದ್ರೂ ಒಂದು ಕಾಂಡ ಎಲ್ಲೋ ಹೊರಟು ಎಲ್ಲೋ ಹೋಗ್ತಿರತ್ತೆ, ನೆಕಿಂಗ್ ಹತ್ರ ಹುಡುಕಿದ್ರೆ ಸಾಮಾನ್ಯವಾಗಿ ಬುಡ ಸಿಗತ್ತೆ. ಕಾಂಡವನ್ನ ಒಂದೇ ಉಸಿರಲ್ಲಿ ಒಂದೇ ಗೆರೆಯಾಗಿ ಎಳೀರಿ, ಎಲೆಯ ಹಿಂದೆ ಮರೆಯಾದ್ರೂ ಎಳೀರಿ, ಆಮೇಲೆ ಅಳಿಸ್ಕೋಬಹುದು. ಅದು ಸಿಕ್ಕಿದ ಮೇಲೆ ಯಾವ ಎಲೆ ಎಲ್ಲಿ ಹುಟ್ಟತ್ತೆ ಅನ್ನೋದು ತಾನಾಗೇ ಬಿಡಿಸ್ಕೊಳತ್ತೆ. ಈ ಒಂದು ಕೆಲಸಕ್ಕೆ ಹತ್ತು ನಿಮಿಷ ಕೊಟ್ರೆ ಮುಂದೆ ಒಂದು ಗಂಟೆ ಉಳಿಯತ್ತೆ.

ಹಂತ 5: ಎಲೆಗಿಂತ ಮೊದಲು ಕತ್ತಲು

ನನಗೆ ಕೇಳಿದ್ರೆ ಇಡೀ ವಿಧಾನದಲ್ಲಿ ಮುಖ್ಯ ಹಂತ ಇದೇ, ಇದನ್ನ ನಿಧಾನಕ್ಕೆ ಓದಿ.

ಎಲೆಗಳ ನಡುವೆ ಕಪ್ಪಾಗಿ ಕಾಣೋ ತೂತುಗಳಿವೆಯಲ್ಲ, ಅಂಡರ್‌ಕಟ್ ಮಾಡಿ ಕೊರೆದ ಜಾಗ. ಕೆತ್ತಿದವನು ಅವನ್ನ ಡ್ರಿಲ್ ತರದ ಸಾಧನದಿಂದ ಕೊರೆದು, ಆಮೇಲೆ ಸಣ್ಣ ಉಳಿಯಿಂದ ಬಿಡಿಸಿರ್ತಾನೆ, ಬೇಕು ಅಂತಾನೇ ಮಾಡಿದ ಕತ್ತಲು ಅದು, ಎಲೆ ಬೆಳ್ಳಗೆ ಮುಂದೆ ಬರ್ಲಿ ಅಂತ. ನಾವು ಎಲೆಯ ಅಂಚು ಹಿಡಿಯೋಕೆ ಹೋದ್ರೆ ತಲೆಯೊಳಗೆ ಇರೋ ಎಲೆಯ ಚಿತ್ರ ಬಂದು ಕಣ್ಣಿಗೆ ಅಡ್ಡ ನಿಲ್ಲತ್ತೆ. ತೂತಿಗೆ ಹೆಸರಿಲ್ಲ, ಅದರ ಬಗ್ಗೆ ತಲೆಯಲ್ಲಿ ಯಾವ ಚಿತ್ರಾನೂ ಇಲ್ಲ, ಹಾಗಾಗಿ ಅದನ್ನ ಇದ್ದ ಹಾಗೆ ನೋಡ್ತೀವಿ.

ಆದ್ದರಿಂದ ದೊಡ್ಡ ಆರೇಳು ತೂತುಗಳ ಆಕಾರ ಮಾತ್ರ ಬಿಡಿಸಿ, 2ಬಿ ಪೆನ್ಸಿಲಲ್ಲಿ ಒಳಗೆ ಬೂದು ಬಣ್ಣ ತುಂಬಿ, ಪೂರ್ತಿ ಕಪ್ಪು ಬೇಡ ಈಗ. ಒಂದು ತೂತಿಗೂ ಇನ್ನೊಂದಕ್ಕೂ ಎಷ್ಟು ದೂರ, ಯಾವ ಕೋನ, ಒಂದರ ನೇರ ಕೆಳಗೆ ಯಾವುದಿದೆ, ಹೀಗೆ ನೋಡ್ತಾ ಹೋಗಿ. ಆರೇಳು ಸರಿಯಾಗಿ ಕೂತ ಮೇಲೆ ಹಾಳೆ ನೋಡಿದ್ರೆ ಒಂದೂ ಎಲೆ ಬಿಡಿಸ್ದೇನೇ ಎಲೆಗಳು ಕಾಣೋಕೆ ಶುರು ಆಗಿರ್ತವೆ. ಅದು ಆಗದೆ ಹೋದ್ರೆ ಮುಂದಿನ ಹಂತಕ್ಕೆ ಹೋಗ್ಬೇಡಿ, ತೂತುಗಳ ಜಾಗ ಮತ್ತೆ ಅಳತೆ ಮಾಡಿ.

ಹಂತ 6: ಎಲೆ

ಪ್ರತಿ ಎಲೆಗೂ ಇದೇ ಕ್ರಮ: ನಡುವಿನ ನರ ಒಂದು ಬಾಗಿದ ಗೆರೆ, ತುದಿಗೆ ಒಂದು ಚುಕ್ಕಿ, ಅತಿ ಅಗಲ ಇರೋ ಕಡೆ ಎರಡೂ ಬದಿಗೆ ಚುಕ್ಕಿ, ಉಳಿದ ತುದಿಗಳಿಗೆ ಚುಕ್ಕಿ, ಆಮೇಲೆ ಅಂಚು. ಅಂಚಿನಿಂದ ಶುರು ಮಾಡಿದ್ರೆ ಎಲೆ ಚಪ್ಪಟೆ ಆಗೇ ಆಗತ್ತೆ.

ತುದಿ ನಿಮ್ಮ ಕಡೆಗೇ ಬಾಗಿರೋ ಎಲೆ ಕಷ್ಟ. ಅದರಲ್ಲಿ ನಡುವಿನ ನರ ತುಂಬಾ ಗಿಡ್ಡ ಕಾಣತ್ತೆ, ಮುಂದಿನ ತುದಿ ಹಿಂದಿನ ಭಾಗವನ್ನ ಮುಚ್ಚಿರತ್ತೆ. ಎಲೆ ಅಷ್ಟು ಗಿಡ್ಡ ಇರೋಕೆ ಸಾಧ್ಯ ಇಲ್ಲ ಅಂತ ಮನಸ್ಸು ಹೇಳತ್ತೆ, ಕೇಳ್ಬೇಡಿ, ಪೆನ್ಸಿಲ್ ಅಳತೆ ಏನು ಹೇಳತ್ತೋ ಅದನ್ನೇ ಬರೀರಿ.

ಮುಂದಿನ ಎರಡು ಮೂರು ಎಲೆಗಳಿಗೆ ಪೂರ್ತಿ ವಿವರ ಕೊಡಿ, ನರ, ಅಂಚಿನ ಸೀಳು, ಹಣ್ಣು ಎಲ್ಲಾ. ಪಕ್ಕಕ್ಕೆ ತಿರುಗಿ ಹೋಗೋ ಎಲೆಗಳಿಗೆ ಅಂಚು ಮಾತ್ರ ಸಾಕು. ಎಲ್ಲಾ ಎಲೆಗೂ ಒಂದೇ ಸಮ ವಿವರ ಕೊಟ್ರೆ ಬೋದಿಗೆ ಗುಂಡಗೆ ಕಾಣಲ್ಲ, ಗೋಡೆಗೆ ಅಂಟಿಸಿದ ಕಾಗದದ ಹಾಗೆ ಆಗತ್ತೆ.

ಮುರಿದಿರೋದನ್ನ ಮುರಿದ ಹಾಗೇ ಬಿಡಿಸಿ. ತುದಿ ಹೋಗಿರೋ ಎಲೆ, ತಲೆ ಇಲ್ಲದ ಹಕ್ಕಿ, ಇವನ್ನ ಸರಿ ಮಾಡಿ ಬಿಡಿಸೋ ಆಸೆ ಎಲ್ಲರಿಗೂ ಬರತ್ತೆ. ಬೇಡ, ಮುರಿದ ಜಾಗದ ಮೇಲ್ಮೈ ಒರಟಾಗಿರತ್ತೆ, ಅಲ್ಲಿ ಬೆಳಕು ಬೇರೆ ತರ ಬೀಳತ್ತೆ, ಅದನ್ನ ನೋಡಿ ಬರೆದ್ರೆ ಕಲ್ಲು ಅಂತ ಅನ್ಸೋದೇ ಆ ಜಾಗದಿಂದ. ಹಾಗೇ ಕೆಲವು ಕಲ್ಲುಗಳು ಆಮೇಲೆ ಹಾಕಿದ್ದಿರ್ತವೆ, ಅಂಚು ಚೂಪು, ಬಣ್ಣ ತಿಳಿ. ರೀಮ್ಸ್ ಕೆಥೀಡ್ರಲ್‌ನ ನಗೋ ದೇವದೂತ ಅನ್ನೋ ಪ್ರಸಿದ್ಧ ಶಿಲ್ಪದ ತಲೆ 1914ರ ಸೆಪ್ಟೆಂಬರಲ್ಲಿ ಮೊದಲನೇ ಮಹಾಯುದ್ಧದ ಬೆಂಕಿಗೆ ಸಿಕ್ಕು ಉರುಳಿ ಚೂರಾಗಿತ್ತು, ಚೂರುಗಳನ್ನ ಜೋಡಿಸಿ ಮತ್ತೆ ಕೂರಿಸಿದ್ದು 1926ರಲ್ಲಿ. ಪ್ಯಾರಿಸ್‌ನ ನೋತ್ರ್ ದಾಮ್ ಕೆಥೀಡ್ರಲ್ ಮೇಲಿನ ಗೋಪುರಗಳ ಹತ್ರ ಗಲ್ಲಕ್ಕೆ ಕೈ ಕೊಟ್ಟು ಕೂತ ಆ ಪ್ರಸಿದ್ಧ ವಿಚಿತ್ರ ಪ್ರಾಣಿ ಕೂಡ ಮಧ್ಯಯುಗದ್ದಲ್ಲ, 19ನೇ ಶತಮಾನದ ರಿಪೇರಿ ಕಾಲದ್ದು. ಚಿತ್ರದ ಪಕ್ಕದಲ್ಲಿ ಇಂಥ ವಿಷಯ ಬರೆದಿಡಿ.

ಹಂತ 7: ಶೇಡಿಂಗ್

ಮೂರೇ ಮೂರು ಬಣ್ಣ ಅಂತ ತೀರ್ಮಾನ ಮಾಡ್ಕೊಳ್ಳಿ: ಹಾಳೆಯ ಬಿಳಿ, ಒಂದು ನಡು ಬೂದು, ಒಂದು ಕಪ್ಪು. ಬೆಳಕು ನೇರ ಬೀಳೋ ಕಡೆ ಹಾಳೆ ಖಾಲಿ ಬಿಡಿ. ಬೆಳಕಿಗೆ ಬೆನ್ನು ಮಾಡಿರೋ ಎಲ್ಲಾ ಮೇಲ್ಮೈಗೂ ನಡು ಬೂದು, ಒಂದೇ ಸಲಕ್ಕೆ, ಎಲೆ ಎಲೆ ಅಂತ ನಿಲ್ಲಿಸ್ದೆ. ಕಪ್ಪು ಮಾತ್ರ 4ಬಿಯಲ್ಲಿ ಆ ಆಳದ ತೂತುಗಳಿಗೆ, ಅದರಲ್ಲೂ ಪೂರ್ತಿ ತೂತಿಗಲ್ಲ, ಎಲೆಯ ಅಂಚಿಗೆ ತಾಗೋ ಕಡೆ ಜಾಸ್ತಿ, ಆಚೆ ಹೋದಂಗೆ ಕಮ್ಮಿ. ಯಾಕಂದ್ರೆ ತಿಳಿ ಬಣ್ಣದ ಸುಣ್ಣಕಲ್ಲು ಬೆಳಕನ್ನ ವಾಪಸ್ ಎಸೆಯತ್ತೆ, ನೆರಳೊಳಗೂ ಸ್ವಲ್ಪ ಬೆಳಕು ಓಡಾಡ್ತಿರತ್ತೆ, ಪೂರ್ತಿ ಕಪ್ಪು ಮಾಡಿದ್ರೆ ಕಲ್ಲಲ್ಲ, ಕಬ್ಬಿಣ ಆಗತ್ತೆ.

ಗೆರೆಗಳ ದಿಕ್ಕು ಮೇಲ್ಮೈ ಬಾಗಿದ ಹಾಗೆ ಹೋಗ್ಲಿ. ನರದಿಂದ ಅಂಚಿನ ಕಡೆ ಎಲೆ ತಗ್ಗಾಗಿ ಮತ್ತೆ ಏಳತ್ತಲ್ಲ, ಗೆರೆಯೂ ಹಾಗೇ ಬಾಗ್ಲಿ. ಬೆರಳಲ್ಲಿ ತಿಕ್ಕಿ ನಯ ಮಾಡ್ಬೇಡಿ, ತಿಕ್ಕಿದ ಪೆನ್ಸಿಲ್ ಹೊಗೆ ತರ ಕಾಣತ್ತೆ, ಉಳಿಯ ಏಟು ಬಿದ್ದ ಕಲ್ಲಿನ ಗಡಸು ಅದರಲ್ಲಿ ಬರಲ್ಲ. ಕಟ್ಟಕಡೆಗೆ ನೀಡೆಡ್ ಎರೇಸರನ್ನ ಮೊನೆ ಮಾಡಿ ನರಗಳ ಮೇಲೆ, ತುದಿಗಳ ಮೇಲೆ ಒಂದೊಂದು ಬೆಳಕಿನ ಗೆರೆ ಎತ್ತಿ.

ಕಲ್ಲು ಬೇರೆ ಆದ್ರೆ ಇದೂ ಬದಲಾಗತ್ತೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಕೆಥೀಡ್ರಲ್ ಕೆಂಪು ಗುಲಾಬಿ ಮರಳುಗಲ್ಲಿಂದು, ಜರ್ಮನಿಯ ಕಲೋನ್‌ದು ಹೊರಗೆಲ್ಲ ಹೊಗೆ ಹಿಡಿದು ಕಪ್ಪಾಗಿದೆ. ಅಲ್ಲಿ ಬಿಳಿ ಹಾಳೆ ಇಟ್ಕೊಂಡ್ರೆ ಇಡೀ ಹಾಳೆ ತುಂಬೋದ್ರಲ್ಲೇ ದಿನ ಹೋಗತ್ತೆ. ಬೂದು ಬಣ್ಣದ ಹಾಳೆ ತಗೊಳ್ಳಿ, ಹಾಳೆಯೇ ನಡು ಬೂದು, ನೀವು ಕಪ್ಪು ಮತ್ತೆ ಬಿಳಿ ಪೆನ್ಸಿಲ್ ಮಾತ್ರ ಹಾಕೋದು. ಇನ್ನೊಂದು ವಿಷಯ, ಈ ಕೆತ್ತನೆಗಳಿಗೆ ಆ ಕಾಲದಲ್ಲಿ ಬಣ್ಣ ಹಚ್ತಿದ್ರು, ಫ್ರಾನ್ಸಿನ ಆಮಿಯಾನ್ ಕೆಥೀಡ್ರಲ್‌ನ ಬಾಗಿಲುಗಳನ್ನ ಲೇಸರಲ್ಲಿ ತೊಳೆದಾಗ ಹಳೇ ಬಣ್ಣದ ಗುರುತು ಸಿಕ್ಕಿದ್ವು. ಹಾಗಾಗಿ ಮಡಿಕೆಯೊಳಗೆ ಕೆಂಪೋ ನೀಲಿಯೋ ಕಂಡ್ರೆ ಕೊಳೆ ಅಂತ ಬಿಡ್ಬೇಡಿ, ಗುರುತು ಹಾಕಿ. ಮತ್ತೆ ಕಲೆಯನ್ನ ನೆರಳು ಅಂತ ತಿಳ್ಕೊಂಡು ಶೇಡ್ ಮಾಡ್ಬೇಡಿ, ಅನುಮಾನ ಬಂದ್ರೆ ಎದ್ದು ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ ಹತ್ರದಿಂದ ನೋಡಿ ಬನ್ನಿ.

ಹಂತ 8: ಮೇಲಿನ ಕಮಾನೂ ಬೇಕು ಅಂದ್ರೆ

ಬೋದಿಗೆ ಮೇಲಿಂದ ಕಮಾನು ಹೊರಡೋ ಜಾಗವನ್ನಾದ್ರೂ ಸ್ವಲ್ಪ ಬಿಡಿಸಿ, ಇಲ್ಲಾಂದ್ರೆ ಬೋದಿಗೆ ಗಾಳಿಯಲ್ಲಿ ತೇಲಿದ ಹಾಗಿರತ್ತೆ. ಗಾಥಿಕ್ ಚೂಪು ಕಮಾನನ್ನ ಕೈಯಿಂದ ಊಹೆ ಮಾಡಿ ಎಳೆದ್ರೆ ಈರುಳ್ಳಿ ಆಕಾರ ಬರತ್ತೆ. ಮನೇಲಿ ಕಂಪಾಸಲ್ಲಿ ಒಂದು ಸಲ ಮಾಡಿ ನೋಡಿ: ಕಮಾನಿನ ಎರಡು ಬುಡಗಳ ನಡುವಿನ ಅಗಲ ಎಷ್ಟೋ ಅಷ್ಟೇ ತ್ರಿಜ್ಯ ಇಟ್ಕೊಂಡು, ಎಡಗಡೆ ಬುಡದಲ್ಲಿ ಮೊನೆ ಊರಿ ಬಲಗಡೆ ಬಾಗು ಎಳೀರಿ, ಬಲಗಡೆ ಊರಿ ಎಡಗಡೆ ಬಾಗು ಎಳೀರಿ, ಎರಡೂ ಸೇರೋದೇ ತುದಿ. ಎರಡು ಬುಡ ಮತ್ತೆ ತುದಿ ಸೇರಿಸಿದ್ರೆ ಮೂರೂ ಬದಿ ಸಮ ಇರೋ ತ್ರಿಕೋನ. ತ್ರಿಜ್ಯ ಅಗಲಕ್ಕಿಂತ ಜಾಸ್ತಿ ಆದ್ರೆ ಕಮಾನು ಇನ್ನೂ ಚೂಪು, ಲ್ಯಾನ್ಸೆಟ್ ಅಂತಾರೆ, ಕಮ್ಮಿ ಆದ್ರೆ ಕುಳ್ಳಗೆ. ಮುಖ್ಯ ಅಂದ್ರೆ ಎರಡೂ ಬಾಗುಗಳು ತುದಿವರೆಗೂ ವೃತ್ತದ ತುಂಡುಗಳೇ, ತುದಿ ಹತ್ರ ನೇರ ಆಗಲ್ಲ, ಹೊರಗೆ ಬಾಗಲ್ಲ. ಹೊರಗೆ ಬಾಗೋ ಕಮಾನು ಬೇರೆ ಜಾತಿ, ಅದಕ್ಕೆ ಓಜೀ ಅಂತ ಹೆಸರು, 14ನೇ ಶತಮಾನದ ಕಟ್ಟಡಗಳಲ್ಲಿ ಜಾಸ್ತಿ ಸಿಗತ್ತೆ.

ಟ್ರೇಸರಿ ಬಗ್ಗೆ ಇಲ್ಲಿ ವಿವರ ಬರೆಯಲ್ಲ, ಅದು ಪೂರ್ತಿ ಕಂಪಾಸಿನ ಕೆಲಸ, ಬೇರೆ ಲೇಖನ ಬೇಕು.

ಹೆಚ್ಚಾಗಿ ಕೇಳೋ ಉಳಿದ ಪ್ರಶ್ನೆಗಳು

ಫೋಟೋ ನೋಡಿ ಬಿಡಿಸ್ಬಹುದಾ? ಮನೇಲಿ ಮುಗಿಸೋಕೆ ಫೋಟೋ ಬಳಸಿ, ಶುರು ಮಾಡೋಕೆ ಬೇಡ. ಮೊದಲ ಐದು ಹಂತ ಜಾಗದಲ್ಲೇ ಆಗ್ಬೇಕು, ಯಾಕಂದ್ರೆ ಯಾವ ಎಲೆ ಮುಂದೆ ಯಾವುದು ಹಿಂದೆ ಅಂತ ತಲೆ ಸ್ವಲ್ಪ ಆಡಿಸಿದ್ರೆ ಅಲ್ಲಿ ಗೊತ್ತಾಗತ್ತೆ, ಫೋಟೋದಲ್ಲಿ ಗೊತ್ತಾಗಲ್ಲ. ಫೋಟೋ ತೆಗೆಯೋವಾಗ ಫ್ಲ್ಯಾಶ್ ಹಾಕ್ಬೇಡಿ, ಫ್ಲ್ಯಾಶ್ ಬಿದ್ರೆ ಉಬ್ಬೆಲ್ಲ ಸತ್ತು ಹೋಗತ್ತೆ, ಮತ್ತೆ ಮೊಬೈಲಿನ ವೈಡ್ ಲೆನ್ಸ್ ಬಿಟ್ಟು 2 ಅಥವಾ 3 ಪಟ್ಟು ಝೂಮ್ ಲೆನ್ಸಲ್ಲಿ ದೂರದಿಂದ ತೆಗೀರಿ, ಹತ್ರದಿಂದ ವೈಡಲ್ಲಿ ತೆಗೆದ್ರೆ ನಡುವಿನ ಭಾಗ ಊದ್ಕೊಳತ್ತೆ. ನೇರ ಒಂದು, ಎಡದಿಂದ ಒಂದು, ಬಲದಿಂದ ಒಂದು, ಕೆಳಗಿಂದ ಒಂದು ಇದ್ರೆ ಸಾಕು.

ಟ್ಯಾಬ್ಲೆಟಲ್ಲಿ ಬಿಡಿಸ್ಬಹುದಾ? ಧಾರಾಳವಾಗಿ. ಪ್ರತಿ ಹಂತಕ್ಕೂ ಬೇರೆ ಲೇಯರ್ ಮಾಡ್ಕೊಳ್ಳಿ, ಈ ವಿಧಾನಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ. ಝೂಮ್ ಮಾಡಿ ಮಾಡಿ ಒಂದೇ ಎಲೆಯಲ್ಲಿ ಮುಳುಗೋದು ಮಾತ್ರ ಬೇಡ, ಏಳನೇ ಹಂತದವರೆಗೂ ಪೂರ್ತಿ ಚಿತ್ರ ಪರದೆ ಮೇಲೆ ಇರ್ಲಿ. ಪರದೆ ಬ್ರೈಟ್‌ನೆಸ್ ಇಳಿಸಿ, ಪಕ್ಕದಲ್ಲಿ ಪ್ರಾರ್ಥನೆ ಮಾಡೋರಿಗೆ ತೊಂದರೆ ಆಗತ್ತೆ.

ಎಷ್ಟು ಹೊತ್ತು ಬೇಕು? ಒಂದು ಬೋದಿಗೆಗೆ ಎರಡೂವರೆಯಿಂದ ಮೂರು ಗಂಟೆ ಇಟ್ಕೊಳ್ಳಿ, ಅದರಲ್ಲಿ ಅರ್ಧದಷ್ಟು ಮೊದಲ ಐದು ಹಂತಕ್ಕೇ ಹೋಗತ್ತೆ. ಅಷ್ಟು ಟೈಮ್ ಇಲ್ಲ ಅಂದ್ರೆ ಐದನೇ ಹಂತಕ್ಕೆ ನಿಲ್ಲಿಸಿ ಎದ್ದು ಬನ್ನಿ, ಬೆಲ್, ಗೊಂಚಲು, ಕತ್ತಲು ಇಷ್ಟು ಸರಿಯಾಗಿದ್ರೆ ಅದೇ ಒಳ್ಳೇ ಚಿತ್ರ, ಅವಸರದಲ್ಲಿ ಎಲೆ ತುಂಬಿ ಕೆಡಿಸೋದು ಬೇಡ.

ಮುಗಿದ ಮೇಲೆ ಹಾಳೆ ಹಿಂದೆ ಕೆಥೀಡ್ರಲ್ ಹೆಸರು, ಬಾಗಿಲಿಂದ ಎಡಕ್ಕೋ ಬಲಕ್ಕೋ ಎಷ್ಟನೇ ಬೋದಿಗೆ, ಯಾವ ಎಲೆ, ತಾರೀಖು, ಟೈಮ್ ಬರೀರಿ. ಫಿಕ್ಸೇಟಿವ್ ಅಂದ್ರೆ ಪೆನ್ಸಿಲ್ ಅಳಿಸಿ ಹೋಗದ ಹಾಗೆ ಹೊಡೆಯೋ ಸ್ಪ್ರೇ, ಅದನ್ನ ಕಟ್ಟಡದೊಳಗೆ ಹೊಡೀಬೇಡಿ, ಹೊರಗೆ ಗಾಳಿ ಆಡೋ ಕಡೆ, ಹಾಳೆಯಿಂದ ಒಂದು ಅಡಿ ದೂರ ಹಿಡಿದು, ತೆಳ್ಳಗೆ ಎರಡು ಸಲ ಹೊಡೆದ್ರೆ ಸಾಕು.